ಚಮಚದಿಂದ ಜಾರುವ ಚಾ

ಯಂತ್ರದ ಬಾಯಿಂದ ಇಳಿಯುತ್ತಿದ್ದ ಕರಿ ಪೈಪು ಮತ್ತೆ ಜೋತುಬಿತ್ತು, ಕಾವು ಹೆಚ್ಚಾಗಿದೆ, ಇಳಿಸಿದರೆ ಕರಗಿದ ಪ್ಲಾಸ್ಟಿಕ್ಕು ಬಿರುಸಾಗಿ ಪೈಪಿನ ಮೈಯೆಲ್ಲ ಹಾಗಲಕಾಯಿ, ಏರಿಸಿದರೆ ಹೀಗೆ ಜೋಲುವುದು — ಸೂರ್ಯಕಾಂತನಿಗೆ ಎರಡೂ ಸಾಕಾಗಿದೆ, ಕಪನೂರಿನ ಈ ಶೆಡ್ಡಿನಲ್ಲಿ ದಿನವಿಡೀ ಇದೇ, ಮನೆಗೆ ಹೋದರೂ ಇದೇ, ಲಕ್ವಾ ಹೊಡೆದ ಮೇಲೆ ಯವ್ವ ಗುಂಡಮ್ಮನ ಗಂಟಲೂ ಹಟ ಹಿಡಿದಿದೆ, ಉಣಿಸಿದ್ದು ತೆಳ್ಳಗಿದ್ದರೆ ಉಸಿರಿನ ದಾರಿಗೆ ನುಗ್ಗುತ್ತದೆ, ಗಟ್ಟಿಯಿದ್ದರೆ ಅಲ್ಲೇ ನಿಲ್ಲುತ್ತದೆ, ಅತ್ತ ದರಿ ಇತ್ತ ಹುಲಿ, ನಡುವೆ ದಾರಿ ಇದೆಯಂತೆ ಒಂದು ಚಮಚದಷ್ಟು, ಚಮಚದಿಂದ ಜಾರಬೇಕ್ರಿ, ಸುರೀಬಾರದು, ಈ ವಾರ ಬಾಯಿಲೆ ತಗೊಳ್ಳಲಿಲ್ಲಂದ್ರ ಮತ್ತ ಮೂಗಿನಾಗ ನಳಿಗಿ ಹಾಕಬೇಕಾಗ್ತದ, ಎಂದಿದ್ದಾರೆ ಡಾಕ್ಟರು, ಹಿಂದೆ ಹಾಕಿದಾಗ ಕಿತ್ತುಕೊಳ್ಳದಿರಲೆಂದು ಯವ್ವನ ಕೈಗಳನ್ನು ಮಂಚಕ್ಕೆ ಕಟ್ಟಿದ್ದು ಇವನೇ — ಬೇಡ, ಅದು ಬೇಡ, ಏ ಸೂರ್ಯಾ, ಪೈಪ್ ನೋಡಪಾ, ಖಯಾಲ್ ಎಲ್ಲಿ ಅದ ನಿಂದು, ಪಕ್ಕದ ಯಂತ್ರದಿಂದ ಲಾಲ್ ಅಹ್ಮದ್ ಕೂಗುತ್ತಾನೆ, ಗಂಟಲಲ್ಲಿದೆ, ಯವ್ವನ ಸುಕ್ಕುಗಟ್ಟಿದ ಗಂಟಲಲ್ಲಿ, ನುಂಗಿದಾಗ ಏಳಬೇಕಾದ ಆ ಗಂಟಿನಲ್ಲಿ.

ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕಿದ್ದೇ ಪುಣ್ಯ, ಕಾಲು ಸೋತಿವೆ, ಫೋನಿನಲ್ಲಿ ಹೆಂಡತಿ ಪಂಚಶೀಲಾ, ರೀ, ಅತ್ತಿ ಗಂಜಿ ಉಗುಳ್ಯಾರ, ಬಾಳಿಹಣ್ಣು ಹಿಸುಕಿ ಕೊಟ್ರೂ ಬಾಯಿ ತೆರಿವಲ್ರು, ಚಾ ಬೇಕಂತ, ಕೊಡ್ಲೇನು, ಬ್ಯಾಡ, ನಾ ಬರೋತನಕ ಕೊಡಬ್ಯಾಡ — ಬೇಡ ಎನ್ನುವುದಕ್ಕೇನು, ನಾಲಿಗೆಗೆ ಎಲುಬಿಲ್ಲ, ಯವ್ವ ಕೂಲಿಗೆ ಹೊರಡುವ ಮೊದಲು ಬಶಿಗೆ ಚಾ ಸುರಿದು ಸೊರ್ರೆಂದು ಎಳೆಯುತ್ತಿದ್ದವಳು, ಕೊನೆಯ ಗುಟುಕನ್ನು ಇವನಿಗೇ ಉಳಿಸುತ್ತಿದ್ದಳು, ಗಂಟಲಲ್ಲಿ ಆ ಗಂಟು ಎಷ್ಟು ಚುರುಕಾಗಿ ಏಳುತ್ತಿತ್ತು, ಕಮಲಾಪುರ ಬಂತು, ಮನೆ, ಒಲೆ, ಚಾದಲ್ಲಿ ಜೋಳದ ಹಿಟ್ಟು ಕದಡಿ ಕುದಿಸುತ್ತಾನೆ, ಅಡಿ ಹತ್ತದಂತೆ ತಿರುವುತ್ತಾನೆ, ಚಮಚ ಎತ್ತಿ ನೋಡುತ್ತಾನೆ, ಸುರಿಯಿತು, ಇನ್ನಷ್ಟು ಹಿಟ್ಟು, ಈಗ ಜಾರಿತು, ಯವ್ವಾ, ಚಾ ತಂದೀನಿ, ಗದ್ದ ಕೆಳಗ ಮಾಡು, ಚಾ ಎಂದೊಡನೆ ಗುಂಡಮ್ಮ ಬಾಯಿ ತೆರೆದಳು, ಬಾಗಿಲಲ್ಲಿ ಪಂಚಶೀಲಾ ಬಂದು ನಿಂತಳು, ಚಮಚ ಬಾಯಿಗಿಟ್ಟ, ನಾಲಿಗೆ ಅಲುಗಿತು, ನಿಂತಿತು, ಇದು ಚಾ ಅಲ್ಲ ಎಂದು ಕಣ್ಣೇ ಹೇಳುತ್ತಿದೆ, ಗೊತ್ತವ್ವಾ, ನನಗ ಗೊತ್ತದ, ಆದ್ರೂ ನುಂಗು, ಇದೊಂದ್ಸಲ ನುಂಗು, ಗುಟುಕ್ಕೆಂದಿತು — ಅದು ಅವನ ಗಂಟಲು, ಅವಳದಲ್ಲ, ಅವಳ ತುಟಿಯಂಚಿನಿಂದ ಕಂದು ಎಳೆಯೊಂದು ಇಳಿದು ಜೋತುಬಿತ್ತು, ಒರೆಸಲಿಲ್ಲ, ಸುಕ್ಕುಗಟ್ಟಿದ ಗಂಟಲನ್ನೇ ನೋಡುತ್ತಾನೆ, ಏಳಲಿ ಆ ಗಂಟು, ಒಮ್ಮೆ, ಗಂಟು ಏಳಲಿಲ್ಲ, ಅವನೇ ಮತ್ತೊಮ್ಮೆ ನುಂಗಿದ, ಆ ಗಂಟು ಏಳುವುದನ್ನೇ ಕಾಯುತ್ತ.