ತಳದ ಸದ್ದು

"ಎಡಮೂಲೆಯದನ್ನ ಮೊದಲು ತೆಗೆದನೋ ಇಲ್ಲವೋ?"

ಗಾಜಿನ ಕೋಣೆಯಲ್ಲಿ ಅವನ ಹೊರತು ಯಾರೂ ಇರಲಿಲ್ಲ. ತನ್ನ ಮಾತು ತನಗೇ ಕೇಳಿಸಿ ನಾಚಿಕೆಯಾಯಿತು. ಕೆಳಗೆ, ಬೇಕರಿಯ ಭಟ್ಟಿಯ ಮುಂದೆ, ಅವನ ಭಾಮೈದ ಉದ್ದ ಹಿಡಿಯ ಹಲಗೆ ತೂರಿಸಿ ಬ್ರೆಡ್ ಹೊರಗೆಳೆಯುತ್ತಿದ್ದ. ಮೇಲಿನಿಂದ ಎಲ್ಲವೂ ಕಾಣುತ್ತಿತ್ತು. ಏನೊಂದೂ ಕೇಳುತ್ತಿರಲಿಲ್ಲ.

ಕಳೆದ ಬೇಸಿಗೆಯವರೆಗೆ ಆ ಹಲಗೆ ಇವನ ಕೈಯಲ್ಲಿತ್ತು. ಬೆಂದ ಬ್ರೆಡ್ಡನ್ನು ಬಟ್ಟೆಯಲ್ಲಿ ಹಿಡಿದು ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಕಿವಿಗೊಡುತ್ತಿದ್ದ. ಚೆನ್ನಾಗಿ ಬೆಂದಿದ್ದರೆ ಖಾಲಿ ಡಬ್ಬಿಯ ಸದ್ದು. ಒಳಗೆ ಹಸಿಯಿದ್ದರೆ ಮೂಕ. "ಡಾಕ್ಟ್ರೇ, ರೋಗಿ ಬದುಕ್ತಾನಾ?" ಎಂದು ಜೊತೆಯವರು ಕಿಚಾಯಿಸುತ್ತಿದ್ದರು. ಆ ಸದ್ದಿಗೆ ಕಾಯುವ ಗಳಿಗೆಯಲ್ಲಿ ಅವನೊಳಗೆ ಎಲ್ಲವೂ ಸುಮ್ಮನಾಗುತ್ತಿತ್ತು. ದೇವರ ಮುಂದೆ ಕಣ್ಣು ಮುಚ್ಚಿ ನಿಂತಾಗಲೂ ಮನಸ್ಸು ಅಷ್ಟು ಸುಮ್ಮನಾದದ್ದಿಲ್ಲ. ಈಗ ಜೊತೆಯವರು 'ಸಾರ್' ಎನ್ನುತ್ತಾರೆ. ಅವನು ಹತ್ತಿರ ಬಂದರೆ ನಗುವನ್ನು ನುಂಗಿಕೊಳ್ಳುತ್ತಾರೆ.

ಮೇಲ್ವಿಚಾರಕನಾದ ದಿನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. "ಅಂತೂ ದೇವರು ಕಣ್ಣು ಬಿಟ್ಟ. ನಿಮ್ಮ ಕಿವಿ ಸಂದಿಯಿಂದ ಹಿಟ್ಟು ತೆಗೆಯೋ ಕೆಲಸ ತಪ್ತು ನಂಗೆ." ಅವಳ ತಮ್ಮನಿಗೂ ಹಿಟ್ಟಿನ ಮೂಟೆ ಹೊರುವುದು ತಪ್ಪಿ ಭಟ್ಟಿ ಸಿಕ್ಕಿತ್ತು. ಒಂದೇ ಮನೆಯ ಇಬ್ಬರು ಒಂದೇ ದಿನ ಮೇಲೆ ಬಂದರಲ್ಲ ಎಂದು ನೆಂಟರೆಲ್ಲ ಬಾಯಿ ತುಂಬ ಹೊಗಳಿದ್ದರು.

ಮೊನ್ನೆ ಅವನು ಬೇಕರಿಯ ಯಜಮಾನಿಯ ಮುಂದೆ ನಿಂತು, ತನ್ನನ್ನು ಮತ್ತೆ ಭಟ್ಟಿಗೆ ಹಾಕಿ ಎಂದು ಕೇಳಿದ್ದ.

ಆಕೆ ಕನ್ನಡಕ ತೆಗೆದು ನೋಡಿದರು. "ಮೈ ಹುಷಾರಿಲ್ವಾ?"

"ಹುಷಾರಾಗೇ ಇದೀನಿ ಮೇಡಂ."

"ಮತ್ತೇನ್ರೀ? ನೀವಾಗೇ ಇಳಿದ್ರಿ ಅಂದ್ರೆ ಯಾರು ನಂಬ್ತಾರೆ? ಏನೋ ಕದ್ದಿರಬೇಕು, ಇಳಿಸಿದಾರೆ ಅಂತಾರೆ. ಹೋಗ್ಲಿ, ಇರೋದು ಒಂದೇ ಭಟ್ಟಿ. ನಿಮ್ಮ ಭಾಮೈದನ್ನ ವಾಪಸ್ ಮೂಟೆಗೆ ಕಳಿಸ್ಲಾ? ನೀವೇ ಹೇಳಿ."

ಮೂಟೆ ಹೊರುತ್ತಿದ್ದ ಕಾಲದಲ್ಲಿ ಭಾಮೈದ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು, ಗೋಡೆ ಹಿಡಿದು ಏಳುತ್ತಿದ್ದುದು ಕಣ್ಣ ಮುಂದೆ ಬಂತು. ಅವನು ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ವಾಪಸಾಗಿದ್ದ.

ಈಗ ಮಧ್ಯಾಹ್ನದ ಕೊನೆಯ ಸರದಿಯ ಅರ್ಧ ಬ್ರೆಡ್ ಇನ್ನೂ ಭಟ್ಟಿಯೊಳಗಿತ್ತು. ಅವನು ಮೆಟ್ಟಿಲಿಳಿದು ಬಂದ. ಬಿಸಿ ಮುಖಕ್ಕೆ ಹೊಡೆದಾಗ ತನ್ನ ಮನೆಗೆ ಬಂದಂತಾಯಿತು.

"ಬನ್ನಿ ಭಾವ. ಏನಾದ್ರೂ ತಪ್ಪಾಯ್ತಾ?"

"ಇಲ್ಲಪ್ಪ. ಎಡಮೂಲೇದು ಬೇಗ ಕಪ್ಪಾಗುತ್ತೆ, ನೋಡ್ಕೋ."

"ನೀವೇ ಕಲಿಸಿದ್ದಲ್ವಾ. ಮೊದಲೇ ತೆಗೆದಾಯ್ತು."

ನಿಜ. ಸಾಲಾಗಿಟ್ಟ ಬ್ರೆಡ್ಡುಗಳೆಲ್ಲ ಒಂದೇ ಬಣ್ಣಕ್ಕಿದ್ದವು. ಕಂಡು ಅವನಿಗೆ ಸಂತೋಷವಾಗಬೇಕಿತ್ತು. ಭಾಮೈದ ಇನ್ನೊಂದನ್ನು ಮಗುಚಿ ತಟ್ಟಿದ. ಹಿಟ್ಟು ಕಲಸುವ ಯಂತ್ರದ ಗದ್ದಲದಲ್ಲಿ ಇವನು ನಿಂತಲ್ಲಿಗೆ ಸದ್ದು ಬರಲಿಲ್ಲ.

"ಹಲಗೆ ಇಲ್ಲಿ ಕೊಡು. ಇದೊಂದು ಸರದಿ ನಾನು ತೆಗೀತೀನಿ. ನೀನು ಹೋಗಿ ಟೀ ಕುಡ್ಕೊಂಡು ಬಾ."

ಭಾಮೈದ ಹಲಗೆಯ ಹಿಡಿಯನ್ನು ಎದೆಗೆ ಒತ್ತಿಕೊಂಡ. ಯಂತ್ರದ ಹತ್ತಿರವಿದ್ದವರು ಇತ್ತ ನೋಡಿ, ನೋಡದವರಂತೆ ತಿರುಗಿದರು.

"ನೀವು ಮೊನ್ನೆ ಮೇಡಂ ಹತ್ರ ಹೋಗಿದ್ದು ಗೊತ್ತಾಯ್ತು ಭಾವ." ದನಿ ಏರಿರಲಿಲ್ಲ. "ಅಕ್ಕನಿಗೆ ಇನ್ನೂ ಹೇಳಿಲ್ಲ."

ಮೂಟೆಗಳು ಗೋಡೆಯ ಪಕ್ಕ ಒಂದರ ಮೇಲೊಂದು ಕೂತಿದ್ದವು. ಇಬ್ಬರೂ ಅವುಗಳ ಕಡೆ ನೋಡಲಿಲ್ಲ.

"ಹಲಗೆ ಬೇಡ, ಬಿಡು," ಎಂದ ಕೊನೆಗೆ, ಕೈ ಮುಂದೆ ಚಾಚಿ. "ಒಂದೇ ಒಂದು ಬ್ರೆಡ್ ಕೊಡು. ತಟ್ಟಿ ನೋಡಿ ಕೊಟ್ಟುಬಿಡ್ತೀನಿ."

ಭಾಮೈದ ಬ್ರೆಡ್ಡಿನ ಸಾಲಿಗೂ ಅವನಿಗೂ ನಡುವೆ ಬಂದು ನಿಂತ.

"ಕೊಡಲ್ಲ ಭಾವ. ಮೇಲೆ ಹೋಗಿ."