ದೇವರ ಪಾಲಿನ ತುಳಸಿ

ಶುಕ್ರವಾರ ತುಳಸಿ ಕೊಯ್ಯಬಾರದೆಂಬುದು ಹಾನಗಲ್ಲಿನ ವಿಮಲಾಬಾಯಿಯವರ ಮನೆಯಲ್ಲಿ ಯಾರೂ ಮೀರದ ಮಾತು. ಹಾಗಾಗಿ ಗುರುವಾರವೇ ಎರಡು ಪಾಲು ಕೊಯ್ದಿಟ್ಟಿದ್ದರು: ದೇವರಿಗೊಂದು, ಸೊಸೆ ಸಂಪದಾಳಿಗೊಂದು. ಕಾಲೇಜಿನಲ್ಲಿ ಸಂಶೋಧನೆ ಮಾಡುವ ಸೊಸೆ ತುಳಸಿಯ ಕಷಾಯಕ್ಕೆ ಬೆಳ್ಳಿಯ ಲವಣ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣ ಮಾಡುತ್ತಿದ್ದಳು. ಗಾಯ ಕೀವುಗಟ್ಟಿಸುವ ರೋಗಾಣುಗಳನ್ನು ಆ ಕಣಗಳು ಕೊಲ್ಲುತ್ತವೆಯೇ ಎಂದು ನೋಡಲು ಅವಳ ಗುರುಗಳು ಇಂದು, ಶುಕ್ರವಾರ, ಮಧ್ಯಾಹ್ನ ಬರುವವರಿದ್ದರು. ತಪ್ಪಿದರೆ ಮತ್ತೆ ದೀಪಾವಳಿಯ ನಂತರವೇ.

ಬೆಳಿಗ್ಗೆ ಕಾಲೇಜಿಗೆ ಹೋದವಳು ಹೊತ್ತೇರುವ ಮುಂಚೆ ಮರಳಿ ಬಂದು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಕೆಡ್ತರಿ ಅತ್ತಿ. ಚಹಾದ ಬಣ್ಣಕ್ಕ ತಿರಗಬೇಕಿತ್ತು, ತೆಳು ಮಜ್ಜಿಗಿ ಹಂಗ ಬೆಳ್ಳಗಾತು. ಕಷಾಯದಾಗ ಉಪ್ಪಿನ ಅಂಶ ಹೊಕ್ಕದ. ಬಟ್ಟಿ ಇಳಿಸಿದ ನೀರ ಹಾಕಿದ್ದೆ, ಎಲ್ಲಿಂದ ಬಂತೋ."

ವಿಮಲಾಬಾಯಿ ಸೆರಗಿಗೆ ಕೈ ಒರೆಸಿಕೊಂಡರು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಾನ ಹಾಕೇನಿ. ಕೆಲಸ ಕೈಗೂಡಲಿ ಅಂತ ನಿನ್ನಿ ನೀ ಕಷಾಯ ಮಾಡಿಟ್ಟಿದ್ದ ಬಾಟ್ಲಿಗೆ ತೀರ್ಥದ ಬಟ್ಟಲಾ ಬಗ್ಗಿಸಿದೆ."

"ನಮ್ಮ ಬೋರಿನ ಸವಳು ನೀರರಿ ಅದು."

"ದೇವರು ಇಷ್ಟು ವರ್ಷ ಏನೂ ಅಂದಿಲ್ಲ ನೋಡು, ನನಗ ಹೊಳೀಲಿಲ್ಲ."

ಸಂಪದಾಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಅಂಗಳದ ತುಳಸಿಯತ್ತ ಅವಳು ನೋಡಲೂ ಇಲ್ಲ.

ವಿಮಲಾಬಾಯಿ ದೇವರ ಮನೆಯ ಹೊಸ್ತಿಲಲ್ಲಿ ನಿಂತರು. ಒಳಗೆ ಅವರ ಯಜಮಾನರು ಶ್ರೀಪಾದಾಚಾರ್ಯರು ಮಡಿಯಲ್ಲಿ ಗಂಧ ತೇಯುತ್ತಿದ್ದರು. ಪೂಜೆ ಇನ್ನೂ ಶುರುವಾಗಿರಲಿಲ್ಲ.

"ಒಂದು ದಳ ಇಟ್ಟಕೊಂಡು ಉಳಿದದ್ದು ಸಂಪದಾಗ ಕೊಡ್ರಿ. ಅಕಿ ಕೆಲಸ ನಾ ಕೆಡಿಸೇನಿ."

"ಇದು ದೇವರ ಪಾಲು."

"ಕೃಷ್ಣನ್ನ ತೂಗಲಿಕ್ಕೆ ರುಕ್ಮಿಣಿ ಎಷ್ಟು ದಳ ಹಾಕಿದ್ಲು? ಪುರಾಣ ಹೇಳೋರು ನೀವ."

ಗಂಧದ ಕೊರಡು ನಿಂತಿತು. "ನನ್ನ ಪುರಾಣ ನನ್ನ ಮ್ಯಾಲೇ ತಿರುವ್ತಿ" ಎನ್ನುತ್ತಾ ಆಚಾರ್ಯರು ಒಂದು ದಳ ಉಳಿಸಿಕೊಂಡು ಮಿಕ್ಕ ತುಳಸಿಯನ್ನು ಬಾಳೆಲೆಗೆ ಸುರಿದು ಹೊಸ್ತಿಲಾಚೆ ಸರಿಸಿದರು. ಸಂಪದಾ ಅದನ್ನೆತ್ತಿಕೊಂಡು ಕಾಲೇಜಿಗೆ ಓಡಿದಳು.

ಪೂಜೆ ಸಾವಕಾಶವಾಗಿ ಸಾಗಿತು. ಮಧ್ಯಾಹ್ನ, ಅರ್ಚನೆಯ ಹೊತ್ತಿಗೆ ಫೋನು ಬಂತು.

"ಬಣ್ಣ ತಿರಗಿತರಿ ಅತ್ತಿ. ಸರ್ ಬಂದಾರ. ರೋಗಾಣು ಸತ್ವೋ ಇಲ್ಲೋ ನಾಳೆ ತಿಳೀತದ."

ವಿಮಲಾಬಾಯಿ ಹೊಸ್ತಿಲ ಬಳಿ ಕೈಮುಗಿದು ಕುಳಿತರು. ದಿನವೂ ಹೆಸರಿಗೊಂದು ದಳ ಏರಿಸುತ್ತಿದ್ದ ಆಚಾರ್ಯರು ಇಂದು ಒಂದೊಂದೇ ನಾಮ ಹೇಳುತ್ತ, ಕೊನೆಯ ನಾಮದವರೆಗೂ ಆ ಒಂದೇ ದಳವನ್ನು ಬೆರಳಲ್ಲಿ ಹಿಡಿದಿದ್ದರು.