ಮನೆಭೇಟಿಯ ಹಾಳೆಗಳು

ಶಾಲೆಯ ಹಿಂಬದಿಯಲ್ಲಿ ಮುರಿದ ಬೆಂಚು ತುಂಬಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ‘ಮೂಲನಿವಾಸಿ ಮಕ್ಕಳ ಕೇಂದ್ರ’ ಅಂತ ಬೋರ್ಡು ಹಾಕಿದ್ದರು. ಅಲ್ಲಿ ಗುಡ್ಡದ ಕೇರಿಯ ಹನ್ನೊಂದು ಮಕ್ಕಳಿಗೆ ಅವರ ಮನೆಮಾತಲ್ಲೇ ಪಾಠ ಹೇಳುತ್ತಿದ್ದವಳನ್ನು ಎಲ್ಲರೂ ನುಡಿಯಕ್ಕ ಅಂತಿದ್ದರು. ಅವಳೂ ಅದೇ ಕೇರಿಯವಳು. ತಾನು ಓದುವಾಗ ಬಾಯಿಬಿಟ್ಟರೆ ಏಟು ಬೀಳುತ್ತಿದ್ದ ಮಾತು ಈಗ ಕರಿಹಲಗೆ ಹತ್ತಿದೆಯಲ್ಲ ಅಂತ ಅವಳಿಗೆ ಹಿಗ್ಗೋ ಹಿಗ್ಗು.

ಜಿಲ್ಲಾ ಶಿಕ್ಷಣ ಕಚೇರಿಗೆ ಹೊಸ ಮೇಡಂ ಬಂದರು. ಸದಾ ನಗುಮುಖ. “ನಿಮ್ಮ ಮಕ್ಕಳಿಗೆ ಏನೇನು ಬೇಕೋ ಎಲ್ಲಾ ಕೊಡಿಸೋಣಮ್ಮ. ಮನೆ ಹೇಗಿದೆ ಅಂತ ಗೊತ್ತಾಗಬೇಕಲ್ಲ?” ಅಂತ ಮನೆಭೇಟಿಯ ಹಾಳೆಗಳನ್ನು ಕೈಗಿಟ್ಟರು. ಮನೆಯಲ್ಲಿ ಎಷ್ಟು ಜನ, ಮಲಗೋದೆಲ್ಲಿ, ಮಗು ಶಾಲೆಯಿಂದ ಬಂದಾಗ ಯಾರಿರುತ್ತಾರೆ.

ನುಡಿಯಕ್ಕನ ದೊಡ್ಡಮ್ಮ ಹಾಳೆ ನೋಡಿದ್ದೇ ಮುಖ ಸಪ್ಪಗೆ ಮಾಡಿಕೊಂಡಳು. “ಬರೀಬೇಡ ಕಣೇ. ನಾನು ಚಿಕ್ಕೋಳಿದ್ದಾಗ್ಲೂ ಹೀಗೇ ನಗ್ತಾ ಬಂದು ಬರ್ಕೊಂಡು ಹೋದ್ರು. ಆಮೇಲೆ ಮಕ್ಕಳನ್ನ ಒಯ್ಯೋಕೆ ಬಸ್ ಬಂತು.”

“ಅದು ಆ ಕಾಲ ದೊಡ್ಡಮ್ಮ. ಈಗ ಬರೆಯೋಳು ನಾನೇ ಅಲ್ವಾ?”

ಹನ್ನೊಂದು ಮನೆಯೊಳಗೂ ಕೂತು, ಒಂದೂ ಕಾಲಂ ಖಾಲಿ ಬಿಡದೆ ಬರೆದುಕೊಟ್ಟಳು.

ಮೂರು ವಾರ ಕಳೆಯಿತು. ಒಂದು ಸೋಮವಾರ ಗುಬ್ಬಿಯ ಜಾಗ ಖಾಲಿ. ವಟವಟ ಅನ್ನುವ ಹುಡುಗಿ, ಜ್ವರವೇನೋ ಅಂದುಕೊಂಡಳು ನುಡಿಯಕ್ಕ. ಗುರುವಾರ ಅದೇ ಕೇರಿಯ ಅವಳಿ ಮಕ್ಕಳಿಬ್ಬರೂ ಇಲ್ಲ. ಹಾಜರಿ ಪುಸ್ತಕದಲ್ಲಿ ಮೂರೂ ಹೆಸರಿನ ಮುಂದೆ ‘ವಸತಿ ಶಾಲೆಗೆ’ ಅಂತ ಸೀಲು ಬಿದ್ದಿತ್ತು.

“ಮೇಲಿನಿಂದ ಆದೇಶ. ನನ್ನನ್ನ ಕೇಳಬೇಡಿ,” ಅಂದರು ಹೆಡ್‌ಮಾಸ್ಟರು, ಕಿಟಕಿ ನೋಡುತ್ತಾ.

ಕಚೇರಿಗೆ ಓಡಿದಳು. ಮೇಡಂ ಊಟಕ್ಕೆ ಹೋಗಿದ್ದರು. ಮೇಜಿನ ಮೇಲೆ ಫೈಲು ಬಿಚ್ಚಿಕೊಂಡಿತ್ತು. ಅವಳದೇ ಅಕ್ಷರ. ‘ಅಜ್ಜಿಯ ಜೊತೆ ಇರುತ್ತಾಳೆ’ ಎಂಬುದರ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ, ‘ನೋಡಿಕೊಳ್ಳುವವರಿಲ್ಲ’. ‘ಎಲ್ಲರೂ ಒತ್ತಿಕೊಂಡು ಬೆಚ್ಚಗೆ ಮಲಗುತ್ತಾರೆ’ ಎಂದು ಅವಳು ಅಕ್ಕರೆಯಿಂದ ಬರೆದಿದ್ದಳು; ಪಕ್ಕದಲ್ಲಿ, ‘ಅನಾರೋಗ್ಯಕರ’. ಅಡಿಯಲ್ಲಿ ಉಳಿದ ಎಂಟು ಹಾಳೆ. ಅವುಗಳ ಮೇಲೆ ಬರುವ ಬುಧವಾರದ ತಾರೀಖು.

ಎಂಟನ್ನೂ ಚೀಲಕ್ಕೆ ತುರುಕಿಕೊಂಡು ನೇರ ಗುಡ್ಡ ಹತ್ತಿದಳು. ಕೇರಿಯವರನ್ನು ಸೇರಿಸಿ ಒಂದೂ ಬಿಡದೆ ಹೇಳಿದಳು.

“ಪಾಠದ ಪ್ರವಾಸ ಅಂತ ಹೇಳಿ ಕರ್ಕೊಂಡು ಹೋದ್ರಲ್ಲೇ,” ಅಂದಳು ಗುಬ್ಬಿಯ ಅಜ್ಜಿ. “ಬರೆದಿದ್ದು ನೀನೇನಾ?”

“ಹೂಂ ಅಜ್ಜಿ. ನಾನೇ.”

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ನಿದ್ದೇಲಿ ಬೆಚ್ಚಿಬಿದ್ರೆ ಬೆನ್ನು ಸವರಬೇಕು ಅಂತ ಬರೆದಿದ್ದೀಯಾ?”

“ಇಲ್ಲ.”

ಬುಧವಾರ ಕಂದು ಬಣ್ಣದ ವ್ಯಾನು ಶಾಲೆಯ ಗೇಟಿಗೆ ಬಂದಾಗ ಕೇಂದ್ರದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂಟು ಮಕ್ಕಳ ಸುತ್ತ ಅಪ್ಪ, ಅಮ್ಮ, ಮಾವ, ಅತ್ತೆಯರೆಲ್ಲ ಗೋಡೆಯಂತೆ ನಿಂತಿದ್ದರು. ಬಾಗಿಲಲ್ಲಿ ನುಡಿಯಕ್ಕ.

ಮೇಡಂ ಮುಖದ ನಗು ಮಾಸಲಿಲ್ಲ. “ಹಾಳೆ ತಾನೇ? ಬೇರೆಯವರ ಕೈಲಿ ಬರೆಸ್ತೀವಿ ಬಿಡಿ.”

ವ್ಯಾನು ಖಾಲಿ ಹೋಯಿತು. ಸಂಜೆಯೊಳಗೆ ನುಡಿಯಕ್ಕನ ಕೆಲಸವೂ ಹೋಯಿತು, ಕೋಣೆಗೆ ಬೀಗವೂ ಬಿತ್ತು. ಕೇರಿಯವರು ವಕೀಲರೊಬ್ಬರನ್ನು ಹಿಡಿದು, ಐದು ತಿಂಗಳು ಕಚೇರಿಯ ಮೆಟ್ಟಿಲ ಮೇಲೆ ಕೂತ ಮೇಲೆ ಗುಬ್ಬಿ ಒಬ್ಬಳು ವಾಪಸು ಬಂದಳು. ಅಜ್ಜಿ ಮನೆಮಾತಲ್ಲಿ ಮಾತಾಡಿಸಿದರೆ, ಉತ್ತರಿಸುವ ಮುಂಚೆ ಬಾಗಿಲ ಕಡೆ ನೋಡುತ್ತಿದ್ದಳು.

ಅವಳಿ ಮಕ್ಕಳ ಬಗ್ಗೆ ಕೇಳಿ ಬರೆದ ಪತ್ರಕ್ಕೆ ವಸತಿ ಶಾಲೆಯಿಂದ ಒಂದೇ ಸಾಲಿನ ಉತ್ತರ ಬಂತು: ಆ ಹೆಸರಿನವರು ಇಲ್ಲಿ ಯಾರೂ ಇಲ್ಲ.

ನುಡಿಯಕ್ಕ ಗುಬ್ಬಿಯ ಪಕ್ಕ ಕೂತು ಕೇಳಿದಳು. “ಅವರಿಬ್ಬರು ನಿನ್ನ ಜೊತೆ ಇರಲಿಲ್ವಾ ಪುಟ್ಟಿ?”

“ಅವರು ಬಂದ ದಿನವೇ ಬೇರೆ ಸಾಲಲ್ಲಿ ನಿಲ್ಲಿಸಿ, ನಂಗಿಟ್ಟ ಹಾಗೇ ಹೊಸ ಹೆಸರು ಇಟ್ಟರು ಅಕ್ಕ,” ಗುಬ್ಬಿ ಪಿಸುಗುಟ್ಟಿದಳು. “ಅವರ ಹೆಸರು ಏನಾಯ್ತೋ ನಂಗೆ ಕೇಳಿಸಲಿಲ್ಲ.”

ಅಲ್ಲೇ ಕೂತಿದ್ದ ಅವಳಿಗಳ ಅಮ್ಮ ಎದ್ದು ಚಪ್ಪಲಿ ಮೆಟ್ಟಿದಳು. “ಹೆಸರು ಏನಾದ್ರೂ ಇಟ್ಟಿರ್ಲಿ, ಮುಖ ನೋಡಿದ್ರೆ ನಂಗೆ ಗೊತ್ತಾಗತ್ತೆ,” ಅಂದಳು. ನುಡಿಯಕ್ಕ ಅವಳ ಹಿಂದೆಯೇ ಹೊರಟಳು.